ಗರುಡನ ಕಾಲಲ್ಲಿದ್ದ ಬಂಗುಡೆ

ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಐದು ಸಾಲಿನಲ್ಲಿ ಬಂತು. ಆ ಐದು ಸಾಲಿನಲ್ಲಿ ಮೂರು ತಪ್ಪುಗಳಿದ್ದವು. ವಯಸ್ಸು ಎರಡು ವರ್ಷ ಹೆಚ್ಚಾಗಿತ್ತು. ಅವರು ದುಡಿದ ಇಲಾಖೆಯ ಹೆಸರು ಬದಲಾಗಿತ್ತು. ಮೂರನೆಯ ತಪ್ಪು ಕೊನೆಯ ಸಾಲಿನಲ್ಲಿತ್ತು: ‘ಹವ್ಯಾಸಿ ಛಾಯಾಗ್ರಾಹಕರಾಗಿದ್ದ ಮೃತರು, ಕಳಸಾರೋಹಣದ ವೇಳೆ ಸೆರೆಹಿಡಿದ ಗರುಡ ದರ್ಶನದ ಚಿತ್ರದಿಂದ ಜಿಲ್ಲೆಯಲ್ಲಿ ಮನೆಮಾತಾಗಿದ್ದರು.’ ಮೊದಲ ಎರಡು ತಪ್ಪುಗಳನ್ನು ಯಾರು ಮಾಡಿದರೋ ತಿಳಿಯದು. ಮೂರನೆಯದನ್ನು ಮಾಡಿದವನು ನಾನು, ಅದೂ ಅವರು ಸಾಯುವುದಕ್ಕೆ ಎಂಟು ವರ್ಷ ಮೊದಲೇ. ಪತ್ರಿಕೆಯಲ್ಲಿ ಒಮ್ಮೆ ಅಚ್ಚಾದ ತಪ್ಪು ಮುಂದಿನ ವರದಿಗಾರನಿಗೆ ದಾಖಲೆಯಾಗಿ ಸಿಗುತ್ತದೆ. ಅವನನ್ನು ಬೈಯುವ ಹಕ್ಕು ನನಗಿಲ್ಲ.

ನಾನು ಆಗ ಕಾರವಾರದಲ್ಲಿ ವರದಿಗಾರನಾಗಿದ್ದೆ. ಎರಡು ಸಾವಿರದ ದಶಕ ಶುರುವಾಗಿ ಹೆಚ್ಚು ದಿನಗಳಾಗಿರಲಿಲ್ಲ. ಮಹಡಿಯ ಮೇಲಿನ ಒಂದು ಕೋಣೆ, ಫ್ಯಾಕ್ಸ್, ಒಂದು ಕಂಪ್ಯೂಟರ್, ಮುಚ್ಚಳ ಸರಿಯಾಗಿ ಕೂರದ ಒಂದು ಸ್ಕ್ಯಾನರ್, ಇಷ್ಟೇ ನಮ್ಮ ಕಚೇರಿ. ಅವರು ಒಂದು ಮಧ್ಯಾಹ್ನ ಮೇಲೆ ಹತ್ತಿ ಬಂದು, ಕೂತುಕೊಳ್ಳಿ ಎನ್ನುವವರೆಗೂ ನಿಂತೇ ಇದ್ದರು. ಪ್ಯಾಂಟಿನೊಳಕ್ಕೆ ಸೇರಿಸಿದ ಅರ್ಧ ತೋಳಿನ ಅಂಗಿ, ಚಳಿಗಾಲದಲ್ಲೂ ಕೊಡೆ, ಎಡಗಂಕುಳಲ್ಲಿ ಕಂದು ಲಕೋಟೆ. ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು ಎಂದು ಹೇಳಿಕೊಂಡರು. ಹೇಳದಿದ್ದರೂ ಗೊತ್ತಾಗುತ್ತಿತ್ತು. ಲಕೋಟೆಯೊಳಗಿನ ಪತ್ರ ‘ವಿಷಯ’, ‘ಉಲ್ಲೇಖ’ ಎಂದು ಶುರುವಾಗಿ, ‘ಲಗತ್ತು: ಹನ್ನೆರಡು’ ಎಂದು ಮುಗಿದಿತ್ತು. ವಿಷಯ: ಕಾರವಾರ ಮತ್ತು ಅಂಕೋಲಾ ತಾಲ್ಲೂಕಿನ ಪಕ್ಷಿಗಳ ಛಾಯಾಚಿತ್ರಗಳನ್ನು ಪ್ರಕಟಿಸುವ ಬಗ್ಗೆ.

ಹನ್ನೆರಡು ಚಿತ್ರಗಳನ್ನೂ ಒಂದೊಂದಾಗಿ ನೋಡಿದೆ. ಮೊದಲನೆಯದರಲ್ಲಿ ಒಂದು ಕೊಂಬೆ ಇತ್ತು. ಎರಡನೆಯದರಲ್ಲಿ ಅಳಿವೆಯ ಕಾಂಡ್ಲಾ ಗಿಡಗಳು, ಕೆಸರು. ಮೂರನೆಯದರಲ್ಲಿ ಆಕಾಶ. ಹಕ್ಕಿ ಎಲ್ಲಿ ಎಂದು ಕೇಳಿದೆ.

“ಹಿಂದೆ ಬರ್ದದೆ, ನೋಡಿ,” ಎಂದರು.

ಕೊಂಬೆಯ ಚಿತ್ರವನ್ನು ತಿರುಗಿಸಿದೆ. ನೀಲಿ ಶಾಯಿಯಲ್ಲಿ, ಒಂದಕ್ಷರವೂ ಓರೆಯಾಗದ ಕೈಬರಹ: ‘ಕೇಣಿ ಹಳ್ಳದ ದಂಡೆ. ಬೆಳಿಗ್ಗೆ ಏಳು ಗಂಟೆ. ಮಿಂಚುಳ್ಳಿ. ಗುಂಡಿ ಒತ್ತುವಾಗ ಇತ್ತು, ಚಿತ್ರದಲ್ಲಿ ಇಲ್ಲ.’ ಆಕಾಶದ ಹಿಂದೆ: ‘ಕಡಲಕ್ಕಿಗಳು, ಅಂದಾಜು ನಲವತ್ತು. ಬಲಕ್ಕೆ ಹೋದವು.’

ಇಂಥವನ್ನು ಪತ್ರಿಕೆಯಲ್ಲಿ ಹಾಕಲಾಗುವುದಿಲ್ಲ ಎಂದು ಆದಷ್ಟು ಮೆತ್ತಗೆ ಹೇಳಿದೆ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ತಿರಸ್ಕೃತವಾದ ಬಗ್ಗೆ ಲಿಖಿತ ಉತ್ತರ ಸಿಗಬಹುದೇ ಎಂದಷ್ಟೇ ಕೇಳಿದರು.

ನಮ್ಮ ಪರಿಚಯ ಹೀಗೆ ಆಯಿತು. ಅದು ಮುಂದುವರಿಯಲು ಕಾರಣ ಹಕ್ಕಿಗಳಲ್ಲ, ನನ್ನ ರಕ್ತದೊತ್ತಡ. ದಿನಾ ನಡೆಯಬೇಕೆಂದು ವೈದ್ಯರು ಹೇಳಿದ್ದರು, ನನ್ನಿಂದ ಆಗುತ್ತಿರಲಿಲ್ಲ. ಅವರು ಪ್ರತಿ ಭಾನುವಾರ ಬೆಳಿಗ್ಗೆ ಕಾರವಾರದ ಕಡಲದಂಡೆಯಿಂದ ಬೈತಖೋಲದ ಮೀನು ಬಂದರಿನವರೆಗೆ ಕ್ಯಾಮೆರಾ ಹಿಡಿದು ನಡೆಯುತ್ತಿದ್ದರು. ತಿಂಗಳ ಕೊನೆಯ ಭಾನುವಾರ ಮಾತ್ರ ಮೊದಲ ಬಸ್ಸಿಗೆ ಅಂಕೋಲೆಗೆ ಹೋಗಿ, ಅಲ್ಲಿಂದ ತಮ್ಮ ಹುಟ್ಟೂರಾದ ಕೇಣಿಯವರೆಗೆ ನಡಿಗೆ. ನೀವೂ ಬನ್ನಿ, ಮನಸ್ಸಿಗೆ ಹಗುರಾಗುತ್ತದೆ ಎಂದರು. ಹೋದೆ. ಹಗುರಾಗಲಿಲ್ಲ. ಅವರ ವಿಶ್ರಾಂತಿಯ ನಡಿಗೆಗೆ ಇದ್ದಷ್ಟು ನಿಯಮಗಳು ನನ್ನ ನೌಕರಿಗೂ ಇರಲಿಲ್ಲ. ಡಾಂಬರು ರಸ್ತೆ ಅಥವಾ ತುಳಿದ ಕಾಲುದಾರಿ ಬಿಟ್ಟು ಕೆಳಗಿಳಿಯುವಂತಿಲ್ಲ. ಹಕ್ಕಿಗೆ ತೊಂದರೆಯಾಗುತ್ತದೆ, ಬೂಟೂ ಒದ್ದೆಯಾಗುತ್ತದೆ. ಬಿಳಿ ಅಂಗಿ ಕೂಡದು. ಮಾತಾಡುವಂತಿಲ್ಲ. ಈ ಕೊನೆಯ ನಿಯಮವನ್ನು ನನಗೆ ವಿವರಿಸುತ್ತಾ ಅವರು ಬೈತಖೋಲ ಬರುವವರೆಗೂ ಮಾತಾಡುತ್ತಿದ್ದರು.

ಹಕ್ಕಿಗಳಿಗೆ ಒಂದು ಹಾಜರಿ ಪುಸ್ತಕ ಇಟ್ಟಿದ್ದರು. ಇದು ಹೋಲಿಕೆಯ ಮಾತಲ್ಲ. ಸರ್ಕಾರಿ ಕಚೇರಿಗಳಲ್ಲಿ ನೌಕರರು ಸಹಿ ಹಾಕುವಂಥ ಉದ್ದನೆಯ, ಗೆರೆ ಎಳೆದ ಪುಸ್ತಕ. ಅಂಗಡಿಯಿಂದ ಸ್ವಂತಕ್ಕೆ ಕೊಂಡದ್ದು ಎಂದು ಕೇಳದೆಯೇ ಹೇಳಿದ್ದರು. ಎಡಗಡೆ ಹಕ್ಕಿಯ ಹೆಸರು, ಮುಂದೆ ಭಾನುವಾರಗಳ ಮನೆಗಳು. ಬಂದರೆ ನೀಲಿ ಶಾಯಿ, ಬಾರದಿದ್ದರೆ ಕೆಂಪು. ಮಿಂಚುಳ್ಳಿ, ನೀರುಕಾಗೆ, ಗರುಡ ಇವೆಲ್ಲ ಕಾಯಂ ನೌಕರರು. ಬೆಳ್ಳಕ್ಕಿಗಳು ದಿನಗೂಲಿ. ಮಳೆಗಾಲ ಕಳೆದ ಮೇಲೆ ಬರುವ ಕಡಲಕ್ಕಿಗಳು ಹೊರಗಿನಿಂದ ನಿಯೋಜನೆಯ ಮೇಲೆ ಬಂದವು. ಅವುಗಳಿಗೆ ‘ಕರ್ತವ್ಯಕ್ಕೆ ಹಾಜರಾದ ದಿನ’, ‘ಬಿಡುಗಡೆ ಹೊಂದಿದ ದಿನ’ ಎಂಬ ಎರಡು ಮನೆಗಳು ಹೆಚ್ಚು. ಒಂದು ವರ್ಷ ಅವು ಹದಿನೈದು ದಿನ ತಡವಾಗಿ ಬಂದಾಗ ಷರಾ ಬರೆದರು: ‘ವಿಳಂಬಕ್ಕೆ ಕಾರಣ ತಿಳಿದುಬಂದಿಲ್ಲ.’ ಕಾಗೆಗಳ ಹೆಸರು ಎಲ್ಲೂ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಅವರೆಲ್ಲ ಸಾರ್ವಜನಿಕರು ಎಂದರು.

ಕ್ಯಾಮೆರಾ ಫಿಲ್ಮಿನದು. ಮೂವತ್ತಾರು ಚಿತ್ರಗಳ ಒಂದು ಸುರುಳಿಯನ್ನು ಅವರು ಐದಾರು ತಿಂಗಳು ಓಡಿಸುತ್ತಿದ್ದರು. ಒಂದು ನಡಿಗೆಗೆ ಒಂದು, ಹೆಚ್ಚೆಂದರೆ ಎರಡು ಚಿತ್ರ. ಹಕ್ಕಿ ಕಂಡ ಕೂಡಲೇ ನಿಲ್ಲುತ್ತಿದ್ದರು, ಕೊಡೆಯನ್ನು ನನ್ನ ಕೈಗೆ ಕೊಡುತ್ತಿದ್ದರು, ಕನ್ನಡಕ ತೆಗೆದು ಜೇಬಿಗಿಡುತ್ತಿದ್ದರು, ಕ್ಯಾಮೆರಾದ ಚರ್ಮದ ಚೀಲದ ಗುಂಡಿ ಬಿಚ್ಚುತ್ತಿದ್ದರು, ಮಸೂರವನ್ನು ಧೋತರದ ತುಂಡಿನಿಂದ ಒರೆಸುತ್ತಿದ್ದರು. ಇಷ್ಟಾಗುವವರೆಗೆ ಕೂತಿರುವ ಹಕ್ಕಿ ಜಿಲ್ಲೆಯಲ್ಲಿರಲಿಲ್ಲ. ಆದರೂ ಗುಂಡಿ ಒತ್ತುತ್ತಿದ್ದರು, ಬಂದ ಖಾಲಿ ಕೊಂಬೆಯ ಹಿಂದೆ ಹಾರಿಹೋದದ್ದರ ಹೆಸರು ಬರೆಯುತ್ತಿದ್ದರು. ನಾನು ಅದನ್ನು ಹಾಸ್ಯ ಮಾಡುತ್ತಿದ್ದೆ. ಕಚೇರಿಗೆ ಬಂದವರಿಗೆಲ್ಲ ಆ ಹನ್ನೆರಡು ಚಿತ್ರಗಳನ್ನು ತೋರಿಸಿ, ಹಕ್ಕಿ ಹುಡುಕಿಕೊಡಿ ಎಂದು ಪಂದ್ಯ ಕಟ್ಟುತ್ತಿದ್ದೆ.

ಕೇಣಿಯ ಜನಕ್ಕೆ ಅವರು ಮನೆಮಗ. ಆದರೂ ಕೈಯಲ್ಲಿ ಯಂತ್ರ ಹಿಡಿದು, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾ ತಿರುಗುವ ಸರ್ಕಾರಿ ನೌಕರನನ್ನು, ಯೋಜನೆಗಳಿಗೆ ಜಾಗ ಬಿಡುವ ನೋಟೀಸು ಕಂಡ ನಮ್ಮ ಕರಾವಳಿಯಲ್ಲಿ ಯಾರೂ ಸುಮ್ಮನೆ ನೋಡಿಕೊಂಡಿರುವುದಿಲ್ಲ. ಒಮ್ಮೆ ಹಳ್ಳದ ಬದಿಯ ಗದ್ದೆಯಲ್ಲಿ ಬಸಳೆ ಚಪ್ಪರಕ್ಕೆ ನೀರು ಹೊಯ್ಯುತ್ತಿದ್ದ ಹೆಂಗಸು ಕೊಡ ಕೆಳಗಿಟ್ಟು ಕೇಳಿದಳು, ಎಂತದ್ರಾ ಅದು, ಜಾಗ ಅಳೆಯೂಕೆ ಬಂದದ್ದಾ ಎಂದು. ಇವರು ಬಹಳ ಗಂಭೀರವಾಗಿ, ಅಲ್ಲ, ಹಕ್ಕಿ ಎಣಿಸೂದು ಎಂದರು.

ಆಕೆ ಕೊಡ ಎತ್ತಿಕೊಳ್ಳುತ್ತಾ ಹೇಳಿದಳು: “ಹಂಗಾರೆ ಅವ್ಕೂ ನೋಟೀಸು ಬಂತು ಅಂದಂಗಾಯ್ತು.”

ಇಡೀ ದಶಕದಲ್ಲಿ ಅವರು ತೆಗೆದ ಚಿತ್ರಗಳಲ್ಲಿ ಹಕ್ಕಿ ಹಕ್ಕಿಯಾಗಿಯೇ ಕಾಣುವಂಥದ್ದು ಒಂದೇ ಒಂದು. ಅದನ್ನು ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಬೈತಖೋಲದ ದಕ್ಕೆ, ಭಾನುವಾರ ಬೆಳಿಗ್ಗೆ. ಟ್ರಾಲರುಗಳು ಬಂದು ಮೀನು ಇಳಿಸಿ, ಹರಾಜು ಅರ್ಧ ಮುಗಿದಿತ್ತು. ಹರಾಜಿನಲ್ಲಿ ಬಂಗುಡೆ ಹಿಡಿದ ಮೀನಿನ ಹೆಂಗಸೊಬ್ಬಳು, ನಮ್ಮ ಕಡೆಯ ಮಾತಿನಲ್ಲಿ ಬಾಯಿ, ಬುಟ್ಟಿಯನ್ನು ಪಕ್ಕಕ್ಕಿಟ್ಟು, ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುತ್ತಿದ್ದಳು. ಆಕೆಗೆ ಇವರ ಪರಿಚಯ ಮೊದಲಿನಿಂದ ಇತ್ತು. ಪ್ರತಿ ಭಾನುವಾರ ಇವರು ಮೀನು ಕೊಳ್ಳುತ್ತಿದ್ದದ್ದು ಆಕೆಯ ಬಳಿಯೇ. ಮೇಲಿನಿಂದ ಗರುಡ ಇಳಿಯಿತು. ಕಂದು ಮೈ, ಬಿಳಿ ಕುತ್ತಿಗೆ, ಬುಟ್ಟಿಯ ಅಂಚಿಗೆ ರೆಕ್ಕೆ ತಾಗಿತೋ ಇಲ್ಲವೋ, ಒಂದು ಬಂಗುಡೆ ಎತ್ತಿಕೊಂಡು ಮೇಲೆದ್ದಿತು. ಆ ದಿನ ಕ್ಯಾಮೆರಾ ಹೇಗೋ ಮೊದಲೇ ಚೀಲದಿಂದ ಹೊರಗಿತ್ತು. ಹರಾಜು ಕೂಗುವವನನ್ನು ತೆಗೆಯಿರಿ ಎಂದು ನಾನೇ ಒತ್ತಾಯ ಮಾಡಿದ್ದೆ. ಗಾಬರಿಯಲ್ಲಿ ಅವರ ಬೆರಳು ಗುಂಡಿಯ ಮೇಲೆ ಬಿತ್ತು.

ಬಾಯಿ ಮೇಲೆ ನೋಡಿ ಕೊಂಕಣಿಯಲ್ಲಿ ಬೈದಳು. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, “ದೇವ್ರ ವಾಹನಂತೆ. ನನ್ನ ಬುಟ್ಟಿಯೇ ಬೇಕು ಅದ್ಕೆ,” ಎಂದಳು. ನಂತರ ನೆನಪಾಗಿ, ಹಾರಿಹೋದ ದಿಕ್ಕಿಗೆ ಕೈ ಮುಗಿದಳು.

ಆ ಚಿತ್ರದ ಎರಡು ಪ್ರತಿ ಮಾಡಿಸಿದರು. ಒಂದು ನನಗೆ, ಪ್ರಕಟಣೆಗಾಗಿ. ಇನ್ನೊಂದು ಆ ಬಾಯಿಗೆ. ಮೀನು ಅವಳದು, ಆದ್ದರಿಂದ ಸಂಬಂಧಪಟ್ಟವರಿಗೆ ಒಂದು ಪ್ರತಿ ಹೋಗಲೇಬೇಕು ಎಂಬುದು ಅವರ ವಾದ. ಎರಡರ ಹಿಂದೆಯೂ ಒಂದೇ ಒಕ್ಕಣೆ ಬರೆದಿದ್ದರು. ನಾನು ಆ ದಿನ ಒಕ್ಕಣೆ ಓದಲಿಲ್ಲ. ಚಿತ್ರ ಚೆನ್ನಾಗಿದೆ, ಜಾಗ ಸಿಕ್ಕಾಗ ಹಾಕೋಣ ಎಂದು ಲಕೋಟೆಯನ್ನು ಮೇಜಿನ ಖಾನೆಗೆ ಹಾಕಿದೆ. ಬಂದರಿನಲ್ಲಿ ಗರುಡ ಮೀನು ಕದಿಯುವುದು ಕಾರವಾರದವರಿಗೆ ಸುದ್ದಿಯಲ್ಲ.

ಎರಡು ತಿಂಗಳ ಬಳಿಕ ಅಂಕೋಲಾ ಕಡೆಯ ಒಂದು ಊರಿನಲ್ಲಿ ಹೊಸದಾಗಿ ಕಟ್ಟಿದ ದೇವಸ್ಥಾನಕ್ಕೆ ಕಳಸ ಏರಿಸುವ ಕಾರ್ಯಕ್ರಮವಿತ್ತು. ಕಳಸ ಕೂರಿಸುವ ಗಳಿಗೆಗೆ ಗರುಡ ಬಂದು ಶಿಖರಕ್ಕೆ ಸುತ್ತು ಹಾಕಿದರೆ ದೇವರು ಒಪ್ಪಿದಂತೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಮಿತಿಯವರು ಗರುಡನನ್ನು ಬಿಟ್ಟು ಉಳಿದವರಿಗೆಲ್ಲ ಆಮಂತ್ರಣ ಕಳಿಸಿದ್ದರು. ನನಗೂ ಬಂದಿತ್ತು. ಕಳಸಾರೋಹಣ ಬೆಳಿಗ್ಗೆ ಹನ್ನೊಂದಕ್ಕೆ. ನಾನು ಅಲ್ಲಿ ಮುಟ್ಟಿದ್ದು ಒಂದೂವರೆಗೆ, ಊಟದ ಎರಡನೆಯ ಪಂಕ್ತಿಗೆ. ಪಂಕ್ತಿಯಲ್ಲೇ ಅಧ್ಯಕ್ಷರ ಪಕ್ಕದಲ್ಲಿ ಕೂತು, ಪಾಯಸ ಬರುವುದರೊಳಗೆ ವಿವರಗಳನ್ನು ಕೇಳಿಕೊಂಡೆ. ಗರುಡ ಮೂರು ಸುತ್ತು ಬಂತು ಎಂದು ಅಧ್ಯಕ್ಷರು ಹೇಳಿದರು. ಎದುರು ಕೂತವರು ಐದು ಎಂದರು. ಬಡಿಸುತ್ತಿದ್ದವನು, ಹದ್ದೇನೋ ಅಂದ್ಕಂಡೆ ನಾನು ಎಂದು ಶುರುಮಾಡಿ, ಅಧ್ಯಕ್ಷರ ಮುಖ ನೋಡಿ ಸಾರಿನ ಬಕೆಟ್ ಎತ್ತಿಕೊಂಡು ಮುಂದೆ ಹೋದ.

ಸಂಜೆ ನನ್ನ ವರದಿ ಹೀಗೆ ಹೊರಟಿತು: ‘ನೆರೆದ ಸಾವಿರಾರು ಭಕ್ತರು ನೋಡನೋಡುತ್ತಿದ್ದಂತೆ ಗರುಡ ಶಿಖರಕ್ಕೆ ಮೂರು ಪ್ರದಕ್ಷಿಣೆ ಹಾಕಿತು.’ ಮುಖ್ಯ ಕಚೇರಿಯಿಂದ ಫೋನ್ ಬಂತು. ಮೊದಲ ಪುಟಕ್ಕೆ ತೆಗೆದುಕೊಳ್ಳುತ್ತೇವೆ, ಗರುಡನ ಚಿತ್ರ ಇದೆಯೇ ಎಂದು ಕೇಳಿದರು. ಇದೆ ಎಂದೆ. ಸುಳ್ಳಲ್ಲ. ಖಾನೆಯಲ್ಲಿ ಇತ್ತು.

ಅದನ್ನು ತೆಗೆದು ಸ್ಕ್ಯಾನರಿನ ಗಾಜಿನ ಮೇಲಿಟ್ಟೆ. ದೇವರ ಸುದ್ದಿಯ ಪಕ್ಕದಲ್ಲಿ ಬಂಗುಡೆ ಚೆನ್ನಾಗಿ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಅದನ್ನು ಹೇಗೆ ತೆಗೆಯಬೇಕೆಂದು ನನಗೆ ಬರುತ್ತಿರಲಿಲ್ಲ. ಮೇಜಿನ ಮೇಲೆ ಕತ್ತರಿ ಇತ್ತು. ಹಕ್ಕಿಯ ಹೊಟ್ಟೆಯ ಕೆಳಗೆ ನೇರವಾಗಿ ಕತ್ತರಿಸಿದೆ. ಕಾಲು, ಬಂಗುಡೆ, ದಕ್ಕೆಯ ಒಂದು ಕಂಬ, ಎಲ್ಲ ಸೇರಿ ಎರಡು ಬೆರಳಗಲದ ತುಂಡು ಕಸದ ಬುಟ್ಟಿಗೆ ಹೋಯಿತು. ಚಿತ್ರದ ಕೆಳಗೆ ಅವರ ಹೆಸರನ್ನು ತಪ್ಪದೆ ಹಾಕಿದೆ. ಇಷ್ಟು ದಿನ ಹೆಸರಿಗಾಗಿ ಕಾದವರು, ಸಂತೋಷಪಡುತ್ತಾರೆ ಎಂದುಕೊಂಡೆ. ಆ ಹೊತ್ತಿಗೆ ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದೆ ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಅವರು ಕಚೇರಿಗೆ ಹೋಗುವ ಮೊದಲು ನನ್ನಲ್ಲಿಗೆ ಬಂದರು. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಚಿತ್ರದ ಕೆಳತುದಿಯ ಮೇಲೆ ಬೆರಳಿಟ್ಟರು.

“ಕಾಲೇ ಇಲ್ಲ ಇದ್ಕೆ,” ಎಂದರು. “ಕಾಲಿಲ್ದೆ ಎಲ್ಲಿ ಕೂತ್ಕಳ್ತದೆ ಇದು?”

ಜಾಗ ಕಡಿಮೆ ಇತ್ತು ಎಂದೆ. ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಸತ್ಯಕ್ಕಿಂತ ಮೊದಲು ಬಾಯಿಗೆ ಬರುವ ಉತ್ತರ ಅದು. ಅವರು ಎರಡು ಸಾಲಿನ ತಿದ್ದುಪಡಿ ಕೇಳಿದರು. ಚಿತ್ರ ಬೈತಖೋಲದ್ದು, ಗರುಡನ ಕಾಲಲ್ಲಿ ಬಂಗುಡೆ ಇತ್ತು. ಇಷ್ಟೇ. ಹಾಕೋಣ ಎಂದೆ.

ಆದರೆ ಆ ವಾರ ಚಿತ್ರ ನನ್ನ ಕೈಮೀರಿ ಹೋಗಿತ್ತು. ಊರಿನ ಸ್ಟುಡಿಯೋಗಳು ಪತ್ರಿಕೆಯ ಪುಟದಿಂದಲೇ ಪ್ರತಿ ತೆಗೆದು ಚೌಕಟ್ಟು ಹಾಕಿ ಮಾರಿದವು. ಮನೆಮನೆಯ ದೇವರ ಗೂಡಿನಲ್ಲಿ ಕಾಲಿಲ್ಲದ ಗರುಡ ಕುಂಕುಮ ಹಚ್ಚಿಸಿಕೊಂಡು ಕೂತಿತು. ಕೂತಿತು ಎನ್ನುವುದು ತಪ್ಪು, ಅವರು ಹೇಳಿದಂತೆ. ಅವರ ಹೆಂಡತಿಯೂ ಒಂದು ಚೌಕಟ್ಟು ತಂದು ದೇವರ ಕೋಣೆಯಲ್ಲಿಟ್ಟು ದೀಪ ಹಚ್ಚಿದರು. ಮನೆಯ ಯಜಮಾನ ತೆಗೆದದ್ದು, ಅವರ ಮನೆಯಲ್ಲೇ ಇಲ್ಲದಿದ್ದರೆ ಹೇಗೆ? ಇವರು ಒಂದು ಮಧ್ಯಾಹ್ನ ಆ ಚೌಕಟ್ಟು ಬಿಚ್ಚಿ, ಚಿತ್ರದ ಕೆಳಗೆ ಬಿಳಿ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ನೀಲಿ ಶಾಯಿಯಲ್ಲಿ ಎರಡು ಕಾಲು, ಒಂದು ಬಂಗುಡೆ ಬರೆದರು. ಚಿತ್ರ ಬಿಡಿಸುವ ಕೈ ಅವರದಲ್ಲ. ಬಂಗುಡೆ ಬದನೆಕಾಯಿಯ ಹಾಗೆ ಕಾಣುತ್ತದೆ ಎಂದು ಹೆಂಡತಿ ಪಟ್ಟಿಯನ್ನು ಕಿತ್ತು ಎಲ್ಲೋ ಇಟ್ಟುಬಿಟ್ಟರು. ಅದನ್ನು ನನಗೆ ಹೇಳಿದ್ದು ಇವರೇ, ಬೈತಖೋಲದ ಚಹಾ ಅಂಗಡಿಯಲ್ಲಿ ಬನ್ಸ್ ಮುರಿಯುತ್ತಾ. ನಾನು ನಕ್ಕೆ. ಅವರು ನಗಲಿಲ್ಲ.

ಅವರ ತಂಗಿಯನ್ನು ಕೊಟ್ಟಿದ್ದು ಆ ದೇವಸ್ಥಾನದ ಊರಿಗೇ. ಕಳಸಾರೋಹಣಕ್ಕೆ ಬಂದು, ಫೋಟೋ ತೆಗೆದು, ನಾಲ್ಕು ಮನೆ ಆಚೆ ಇರುವ ತಂಗಿಯ ಮನೆಗೆ ಕಾಲಿಡದೆ ಹೋದ ಅಣ್ಣ ಎಂದು ಆಕೆ ಮಾತು ಬಿಟ್ಟಳು. ತಾನು ಬಂದೇ ಇರಲಿಲ್ಲ ಎಂದು ಇವರು ಎಷ್ಟು ಹೇಳಿದರೂ ಆಕೆ ಪತ್ರಿಕೆ ಮುಂದೆ ಹಿಡಿಯುತ್ತಿದ್ದಳು. ಕೆಳಗೆ ಅಣ್ಣನ ಹೆಸರಿತ್ತು. ಆ ವರ್ಷ ಚೌತಿಗೆ ಆಕೆ ತವರಿಗೆ ಬರಲಿಲ್ಲ.

ದೇವಸ್ಥಾನದ ಸಮಿತಿ ಅವರಿಗೆ ಸನ್ಮಾನ ಇಟ್ಟುಕೊಂಡಿತು. ಹೋಗಬೇಡಿ ಎಂದೆ. ಸರ್ಕಾರಿ ನೌಕರನಿಗೆ ಕರೆದಲ್ಲಿಗೆ ಹೋಗದೆ ಇರುವುದು ಕಲಿಸಿಲ್ಲ. ಜತೆಗೆ, ಮೈಕು ಸಿಕ್ಕರೆ ಹೇಳಬೇಕಾದದ್ದನ್ನು ಅಲ್ಲೇ ಹೇಳಿಬಿಡಬಹುದು ಎಂಬ ಲೆಕ್ಕವೂ ಇತ್ತೆಂದು ಆಮೇಲೆ ತಿಳಿಯಿತು. ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು, ಕಿಸೆಯಿಂದ ಚೀಟಿ ತೆಗೆದು ಓದಿದರು: ಸದರಿ ಚಿತ್ರವನ್ನು ಈ ಊರಿನಲ್ಲಿ ತೆಗೆದಿಲ್ಲ, ಸದರಿ ಹಕ್ಕಿಯ ಕಾಲಲ್ಲಿ ಬಂಗುಡೆ ಇತ್ತು. ಅಧ್ಯಕ್ಷರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟು, “ಕಂಡ್ರಲ್ಲ, ಎಷ್ಟು ಸರಳ ಮನುಷ್ಯ. ಹೊಗಳಿಕೆ ತಕಂಬುದೇ ಇಲ್ಲ,” ಎಂದರು. ಚಪ್ಪಾಳೆ ಬಿತ್ತು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ನಾನೂ ತಟ್ಟಿದೆ, ತಟ್ಟದಿದ್ದರೆ ಎದ್ದು ನಿಂತು ಏನಾದರೂ ಹೇಳಬೇಕಾಗುತ್ತಿತ್ತು.

ಇವೆಲ್ಲ ನಗುವ ಸಂಗತಿಗಳು, ನಾನು ನಕ್ಕಿದ್ದೇನೆ. ನಗಲಾಗದ ಒಂದು ಸಂಗತಿಯನ್ನು ಅವರು ಒಮ್ಮೆ ಮಾತ್ರ ಹೇಳಿದರು. ಅವರ ಕೆಲಸ ನೌಕರರ ಸೇವಾ ಪುಸ್ತಕ ಬರೆಯುವುದು. ಯಾರು ಯಾವತ್ತು ಸೇರಿದರು, ಯಾವತ್ತು ರಜೆ ಹೋದರು, ಯಾವತ್ತು ಬಡ್ತಿ. ಹಿಂದಿನ ತಾರೀಕು ಹಾಕಿ ಬರೆಯಲು ಅವರು ಒಪ್ಪುವುದಿಲ್ಲ ಎಂಬುದು ಆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತೈದು ವರ್ಷ ಯಾರೂ ಕೇಳಲೂ ಹೋಗಿರಲಿಲ್ಲ. ಚಿತ್ರ ಬಂದ ಮೂರನೆಯ ತಿಂಗಳು ಮೇಲಧಿಕಾರಿಯೊಬ್ಬರು ಕರೆದು, ತಮಗೆ ಬೇಕಾದವರೊಬ್ಬರ ಪುಸ್ತಕದಲ್ಲಿ ಒಂದು ಹಳೆಯ ತಾರೀಕು ಸೇರಿಸಲು ಹೇಳಿದರು. ಇವರು ಆಗುವುದಿಲ್ಲ ಎಂದರು.

“ಅವ್ರು ನಕ್ರು,” ಎಂದರು ನನಗೆ. “ಬೈತಖೋಲದ ಗರುಡನ್ನೇ ಅಂಕೋಲೆಗೆ ವರ್ಗ ಮಾಡ್ದವ್ರು ನೀವು, ಇದೊಂದು ತಾರೀಕಿಗೆ ಎಂತಕ್ಕೆ ಹಿಂದೆಮುಂದೆ ನೋಡ್ತ್ರಿ ಅಂದ್ರು.”

ಬರೆದಿರಾ ಎಂದು ಕೇಳಿದೆ.

“ಬರೀಲಿಲ್ಲ. ಆದ್ರೆ ಕೇಳಿದ್ರಲ್ಲ. ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ.”

ಅಂದಿನಿಂದ ಆ ಕಚೇರಿಯಲ್ಲಿ ಅವರ ಹೆಸರು ಗರುಡ ಸಾಹೇಬರು ಎಂದಾಯಿತು. ಪ್ರೀತಿಯಿಂದ ಕರೆದವರೂ ಇದ್ದರು ಎನ್ನುತ್ತಾರೆ.

ನನಗೆ ಬಂದ ಅರ್ಜಿಗಳ ವಿಷಯ ಹೇಳಬೇಕು. ಮೊದಲನೆಯದು ಚಿತ್ರ ಬಂದ ವಾರ. ಉತ್ತರ ಬಾರದ್ದರಿಂದ ‘ಜ್ಞಾಪನ–ಒಂದು’, ಆಮೇಲೆ ‘ಜ್ಞಾಪನ–ಎರಡು’. ವರ್ಷಕ್ಕೊಂದರಂತೆ ಏಳು ಜ್ಞಾಪನ ಬಂದವು, ಪ್ರತಿಯೊಂದರಲ್ಲೂ ಹಿಂದಿನವುಗಳ ಉಲ್ಲೇಖ. ಅವನ್ನು ಅವರು ಅಂಚೆಯಲ್ಲಿ ಕಳಿಸುತ್ತಿರಲಿಲ್ಲ. ನಡಿಗೆ ಮುಗಿದು, ಚಹಾ ಕುಡಿದು, ಹಾಜರಿ ಪುಸ್ತಕ ಮುಚ್ಚಿದ ಮೇಲೆ ಲಕೋಟೆ ಕೊಟ್ಟು, ಒಂದು ಸಣ್ಣ ಪುಸ್ತಕದಲ್ಲಿ ನನ್ನ ಸ್ವೀಕೃತಿ ಸಹಿ ಪಡೆಯುತ್ತಿದ್ದರು. ನಡಿಗೆಯ ನಡುವೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ನನ್ನ ಜೊತೆ ನಡೆಯುವುದನ್ನೂ ಬಿಡಲಿಲ್ಲ. ಮಸೂರ ಒರೆಸುವಾಗ ಕೊಡೆ ನನ್ನ ಕೈಗೇ ಕೊಡುತ್ತಿದ್ದರು.

ನಾನು ಕೊಟ್ಟ ಕಾರಣಗಳು ಹೀಗಿವೆ. ಮೊದಲ ವರ್ಷ, ಭಕ್ತರ ಮನಸ್ಸಿಗೆ ನೋವಾಗುತ್ತದೆ ಎಂದೆ. ಎರಡನೆಯ ವರ್ಷ, ಸುದ್ದಿ ಹಳೆಯದಾಯಿತು ಎಂದೆ. ಆಮೇಲೆ ಜಾಗವಿಲ್ಲ ಎಂದೆ. ಬಂಗುಡೆಯೊಂದಕ್ಕೆ ಯಾವ ಪತ್ರಿಕೆ ತಿದ್ದುಪಡಿ ಹಾಕುತ್ತದೆ ಮಾರಾಯ್ರೆ ಎಂದೂ ಒಮ್ಮೆ ಕೇಳಿದ್ದೆ. ಇವು ಯಾವುವೂ ಕಾರಣಗಳಲ್ಲ. ಚಿತ್ರ ಬೈತಖೋಲದ್ದು ಎಂದು ಒಪ್ಪಿದರೆ, ಅದರ ಪಕ್ಕದ ವರದಿ ಯಾರು ಕಂಡು ಬರೆದದ್ದು ಎಂಬ ಪ್ರಶ್ನೆ ಬರುತ್ತಿತ್ತು. ವರದಿಯ ಮೇಲೆ ನನ್ನ ಹೆಸರಿತ್ತು. ಹನ್ನೊಂದು ಗಂಟೆಗೆ ನಾನು ಕಾರವಾರದಲ್ಲಿ ಒಂದು ಪತ್ರಿಕಾಗೋಷ್ಠಿ ಮುಗಿಸಿ, ಅಲ್ಲಿ ಹಂಚಿದ ಪೆನ್ನು, ಫೈಲು ಎತ್ತಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಚಿತ್ರದಲ್ಲಿ ಹಕ್ಕಿ ಇಲ್ಲದಿದ್ದರೆ ಇಲ್ಲ ಎಂದು ಹಿಂದೆ ಬರೆಯುವ ಮನುಷ್ಯನನ್ನು ನಾನು ವರ್ಷಗಟ್ಟಲೆ ಗೇಲಿ ಮಾಡಿದೆ. ನನ್ನ ವರದಿಯಲ್ಲಿ ಇಲ್ಲದವನು ನಾನೇ ಆಗಿದ್ದೆ.

ದಶಕದ ನಡುವೆ ಎಲ್ಲರ ಕೈಗೂ ಡಿಜಿಟಲ್ ಕ್ಯಾಮೆರಾ ಬಂತು. ಕಡಲದಂಡೆಯಲ್ಲಿ ಒಂದು ನಡಿಗೆಗೆ ಇನ್ನೂರು ಚಿತ್ರ ತೆಗೆಯುವವರು ಕಾಣಿಸಿಕೊಂಡರು. ಇವರು ಅವರನ್ನು ಗುತ್ತಿಗೆದಾರರು ಎನ್ನುತ್ತಿದ್ದರು. ಫಿಲ್ಮು ತೊಳೆಯುವ ಅಂಗಡಿ ಮುಚ್ಚಿದ ಮೇಲೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಬರುತ್ತಿದ್ದರು. ಹಕ್ಕಿ ಕಂಡರೆ ನಿಲ್ಲುವುದು, ಕೊಡೆ ಕೊಡುವುದು, ಕನ್ನಡಕ, ಗುಂಡಿ, ಧೋತರದ ತುಂಡು, ಎಲ್ಲ ಮೊದಲಿನಂತೆಯೇ. ಒಳಗೆ ಫಿಲ್ಮು ಇರುತ್ತಿರಲಿಲ್ಲ ಅಷ್ಟೇ. ಬರುವ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ ಎಂದು ನಾನು ಅಂದದ್ದಕ್ಕೆ, ಆ ಒಂದು ಸಲ, ಅವರೂ ನಕ್ಕರು.

ನಿವೃತ್ತರಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಏಳನೆಯ ಜ್ಞಾಪನ ಕೊಟ್ಟದ್ದು ಆಗಲೇ. ಅದರಲ್ಲಿ ಒಂದು ಸಾಲು ಹೊಸದಿತ್ತು: ‘ಅರ್ಜಿದಾರರು ಈಗ ಸೇವೆಯಲ್ಲಿಲ್ಲವಾದರೂ ವಿಷಯ ಬಾಕಿ ಇರುತ್ತದೆ.’ ಸಹಿ ಹಾಕಿದೆ. ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಕಡಲಕ್ಕಿಗಳು ಬರುವ ಮೊದಲು, ಹೃದಯಾಘಾತದಿಂದ ಹೋದರು.

ಹದಿಮೂರನೆಯ ದಿನ ಮನೆಗೆ ಹೋದೆ. ದೇವರ ಕೋಣೆಯ ಬಾಗಿಲು ತೆರೆದಿತ್ತು. ಗರುಡನ ಚೌಕಟ್ಟು ಅಲ್ಲೇ ಇತ್ತು, ಮೊದಲಿಗಿಂತ ಉದ್ದವಾಗಿ ಕಂಡಿತು. ಕೆಳಗೆ ಬಿಳಿ ಕಾಗದದ ಪಟ್ಟಿ, ಅದರಲ್ಲಿ ನೀಲಿ ಶಾಯಿಯ ಎರಡು ಕಾಲು, ಒಂದು ಬದನೆಕಾಯಿ. ಅವರ ಹೆಂಡತಿ ನಾನು ನೋಡುತ್ತಿರುವುದನ್ನು ನೋಡಿದರು.

“ಇಟ್ಟಿತ್ತು ತೆಗ್ದು,” ಎಂದರು. “ಅಂಟಿಸ್ದೆ. ಅವ್ರು ಹೇಳಿದ್ದು ಒಂದೇ ಆಗಿತ್ತಲ್ಲ.”

ತಂಗಿ ಅಡುಗೆಮನೆಯಲ್ಲಿದ್ದಳು. ಅಣ್ಣ ಆ ದಿನ ಬಂದಿರಲಿಲ್ಲ ಎಂದು ಆಕೆಗೆ ಹೇಳಲು ಆಗಲೂ ನನಗೆ ಅವಕಾಶವಿತ್ತು. ಚಹಾ ಕುಡಿದು ಬಂದೆ.

ಫಿಲ್ಮಿನ ನೆಗೆಟಿವ್‌ಗಳ ಡಬ್ಬಿಯನ್ನು ಹೆಂಡತಿ ಕೊಟ್ಟರು. ಕಾರವಾರದ ಮಳೆಗಾಲಗಳು ಅದರೊಳಗೆ ಹೊಕ್ಕು ಎಲ್ಲಕ್ಕೂ ಬೂಷ್ಟು ಹಿಡಿಸಿದ್ದವು. ನಾನು ಕತ್ತರಿಸಿದ ಪ್ರತಿ ನಮ್ಮ ಕಚೇರಿಯಲ್ಲೇ ಎಂದೋ ಕಳೆದಿತ್ತು. ಪತ್ರಿಕೆಗೆ ಫೋನ್ ಮಾಡಿ ಶ್ರದ್ಧಾಂಜಲಿಯ ಸುದ್ದಿಗೆ ತಿದ್ದುಪಡಿ ಕೇಳಿದೆ. ನಾನೂ ಆ ವೇಳೆಗೆ ಅಲ್ಲಿಂದ ನಿವೃತ್ತನಾಗಿದ್ದೆ. ಆ ಕಡೆಯವನು ವಯಸ್ಸು ಮತ್ತು ಇಲಾಖೆಯ ತಪ್ಪನ್ನು ಬರೆದುಕೊಂಡ. ಗರುಡನ ವಿಷಯಕ್ಕೆ ಬಂದಾಗ, ಸಾರ್, ಅದು ನಮ್ಮ ಹಳೆಯ ಸಂಚಿಕೆಯಲ್ಲೇ ಇದೆಯಲ್ಲ, ಕಡತ ನೋಡಿಯೇ ಬರೆದದ್ದು ಎಂದ. ಮೂಲ ಚಿತ್ರ ಇದ್ದರೆ ಕಳಿಸಿ, ಆದರೆ ಈಗ ಜಾಗ ಕಡಿಮೆ ಎಂದೂ ಸೇರಿಸಿದ.

ಉಳಿದದ್ದು ಒಂದೇ ಪ್ರತಿ. ಭಾನುವಾರ ಬೈತಖೋಲಕ್ಕೆ ಹೋದೆ. ಬಾಯಿಗೆ ವಯಸ್ಸಾಗಿದೆ, ಈಗ ಬುಟ್ಟಿ ಹೊರುವುದಿಲ್ಲ, ಕೊಡೆಯ ಕೆಳಗೆ ಮಂಜುಗಡ್ಡೆಯ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾಳೆ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ, ಪ್ಲಾಸ್ಟಿಕ್ ಹೊದಿಸಿ, ನಾಲ್ಕು ಮೊಳೆ ಹೊಡೆದು ಆ ಚಿತ್ರ ಇಟ್ಟಿದ್ದಳು. ಮುಚ್ಚಳ ಎತ್ತಿದಾಗಲೆಲ್ಲ ಗರುಡ ಹಾರುತ್ತದೆ, ಕಾಲಲ್ಲಿ ಬಂಗುಡೆ ಹೊಳೆಯುತ್ತದೆ, ಮೂಲೆಯಲ್ಲಿ ದಕ್ಕೆಯ ಕಂಬ.

ಸಾಹೇಬರು ಹೋದರು ಎಂದೆ. ಗೊತ್ತು ಎಂದಳು. ಅವರು ಮೀನಿಗೆ ಬಾರದ ಎರಡನೆಯ ಭಾನುವಾರವೇ ಆಕೆ ವಿಚಾರಿಸಿದ್ದಳಂತೆ. ಚಿತ್ರ ಬೇಕಿತ್ತು, ತೋರಿಸಿ ತಂದುಕೊಡುತ್ತೇನೆ ಎಂದೆ. ಆಕೆ ಮುಚ್ಚಳದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

“ಪೇಪರಿನವ್ರಿಗೆ ಕೊಡೂದಿಲ್ಲ. ಇಲ್ಲೇ ನೋಡಿ ಬೇಕಾರೆ. ನಿಮ್ಮ ಹತ್ರ ಕತ್ರಿ ಅದೆ.”

ತುಂಬಾ ಹೊತ್ತು ಕೇಳಿಕೊಂಡ ಮೇಲೆ ಎರಡು ಮೊಳೆ ಸಡಿಲಿಸಿ, ಚಿತ್ರವನ್ನು ಕೈಬಿಡದೆ ತಿರುಗಿಸಿ ಹಿಡಿದಳು. ನಾನು ಅಲ್ಲೇ ನಿಂತು ಬರೆದುಕೊಂಡೆ. ಬರೆದದ್ದನ್ನು ಆಕೆ ಓದಿಸಿ ಕೇಳಿದಳು, ಎಲ್ಲ ಇದೆ ಎಂದು ಖಾತ್ರಿಯಾದ ಮೇಲೆ ಮೊಳೆ ಹೊಡೆದಳು. ಪತ್ರಿಕೆಯಲ್ಲಿ ಆಗದ್ದು ಇಲ್ಲಿ ಆಗಲಿ. ಒಕ್ಕಣೆ ಅವರದು, ನಾನು ಏನನ್ನೂ ತೆಗೆದಿಲ್ಲ:

‘ಬೈತಖೋಲ ದಕ್ಕೆ. ಭಾನುವಾರ, ಬೆಳಿಗ್ಗೆ ಏಳೂ ಇಪ್ಪತ್ತು. ಗರುಡ, ಒಂದು. ಬಲಗಾಲಲ್ಲಿ ಬಂಗುಡೆ, ಒಂದು. ಬಂಗುಡೆ ಬಾಯಿಯ ಬುಟ್ಟಿಯದು. ಈ ಚಿತ್ರದಲ್ಲಿ ಎಲ್ಲ ಇದೆ.’